ಒಂದು ದಿನ ಮೊದಲು
ಬೀಳಗಿ ಬಸ್‌ಸ್ಟ್ಯಾಂಡಿನ ಎದುರು ಟಿಕೆಟ್ ಬುಕ್ ಮಾಡಿಕೊಡುವ ಮಾಳಿಂಗರಾಯನಂಥ ಪುಕ್ಕಲನನ್ನು ನಾನು ಕಂಡಿಲ್ಲ. ಮುಂಬೈಯಿಂದ ಹಡಗಿನ ವಿಹಾರಕ್ಕೆ ಹೊರಟವರು ಅವನ ಮುಂದೆ ಕೂತರೆ ಮುಗಿಯಿತು. ಕೊಲ್ಲಾಪುರದಿಂದ ವಿಮಾನ ದಿನಾ ಇಲ್ಲ, ಬೆಳಗಾವಿಗೆ ಹೋದರೆ ದಾರಿ ತುಂಬ ಕಬ್ಬಿನ ಟ್ರ್ಯಾಕ್ಟರು, ಮುಂಬೈಯಲ್ಲಿ ಇಳಿದರೂ ಬಂದರಿಗೆ ಟ್ಯಾಕ್ಸಿಯಲ್ಲಿ ಎರಡು ತಾಸು. ಪಂಕ್ಚರಿಗೊಂದು ತಾಸು, ಡ್ರೈವರನ ಚಹಾಕ್ಕೆ ಅರ್ಧ ತಾಸು ಸೇರಿಸಿ, ಕೊನೆಗೆ ಎಲ್ಲರಿಗೂ ಹೇಳುವುದು ಒಂದೇ: “ಒಂದ ದಿನಾ ಮೊದಲ ಹೋಗ್ರಿ. ಹೇಳಿದ ತಾರೀಖ ನಂಬಬ್ಯಾಡ್ರಿ.” ಜನ ನಗುತ್ತಾರೆ, ನಾನೂ ನಕ್ಕವನೇ. ಅವನ ಊರು ಆಣೆಕಟ್ಟಿನ ಹಿನ್ನೀರಿಗೆ ಹೋಗುವಾಗ, ಹದಿನಾರನೇ ತಾರೀಖಿಗೆ ನೀರು ಬರುತ್ತದೆ ಎಂದು ನೀರಾವರಿ ಇಲಾಖೆಯ ಒಬ್ಬ ಸಾಹೇಬರು ಹೇಳಿದ್ದರು. ಇವನು ಹದಿನೈದಕ್ಕೆ ಲಾರಿ ಗೊತ್ತು ಮಾಡಿದ್ದ. ನೀರು ಹದಿನಾಲ್ಕಕ್ಕೇ ಬಂತು. ಇವನು ಕುರಿ ಮೇಯಿಸಿ ಬರುವಷ್ಟರಲ್ಲಿ, ಮನೆಯಲ್ಲಿ ಬುಟ್ಟಿಯಡಿ ಮುಚ್ಚಿಟ್ಟಿದ್ದ ಕುರಿಮರಿಗಳು ಮುಚ್ಚಿದಲ್ಲೇ ಸತ್ತಿದ್ದವು. ಮೊನ್ನೆ ಅದೇ ಸಾಹೇಬರು, ಈಗ ನಿವೃತ್ತರು, ಹೆಂಡತಿಯೊಡನೆ ಬಂದು, ಹಡಗಿಗೆ ಯಾವತ್ತು ಹೊರಟರೆ ಛಲೋ ಎಂದು ಕೇಳಿದರು. ಮಾಳಿಂಗರಾಯ ಟ್ರ್ಯಾಕ್ಟರಿನ ಮಾತೇ ಎತ್ತಲಿಲ್ಲ. “ಹಡಗ ಬಿಡೋ ದಿನಾನ ಮುಂಜಾನೆ ಹೋದ್ರೂ ನಡೀತೈತ್ರಿ ಸಾಹೇಬ್ರ,” ಎಂದ. “ಹಡಗಿನವ್ರು ತಾರೀಖ ಕೊಟ್ಟಾರಲ್ರಿ.”