ಗೆಥಿನ್ ಪ್ರಾಸರನ ಕಳಂಕವಿಲ್ಲದ ಮೂವತ್ತೊಂದು ವರ್ಷ

ಗೆಥಿನ್ ಪ್ರಾಸರ್ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಸಂಗತಿ ಬದುಕಿನಲ್ಲಿ ಒಂದೇ ಒಂದು. ಮೂವತ್ತೊಂದು ವರ್ಷದಲ್ಲಿ ಅವನು ಕಾರಿನ ವಿಮೆಯವರ ಮುಂದೆ ಪರಿಹಾರಕ್ಕೆಂದು ಒಮ್ಮೆಯೂ ಕೈಚಾಚಿರಲಿಲ್ಲ. ರಾಯಡರ್ ಪಟ್ಟಣದ ಪಕ್ಕದ ಆ ಸಣ್ಣ ಊರಿನ ಪಬ್ಬಿನಲ್ಲಿ ರಗ್ಬಿ, ಕುರಿಬೆಲೆ, ಮಳೆ ಎಲ್ಲ ಮುಗಿದ ಮೇಲೆ ಅವನು ಈ ಮಾತು ಎತ್ತುತ್ತಿದ್ದ. ಕೇಳುವವರು ಗ್ಲಾಸಿನೊಳಗೆ ನೋಡುತ್ತಾ ಕೂರುತ್ತಿದ್ದರು.

"ಗುದ್ದಿಲ್ಲ ಗುದ್ದಿಲ್ಲ ಅಂತೀಯಲ್ಲ, ಓಡಿಸಿದ್ರೆ ತಾನೇ ಗುದ್ದೋದು!" ಎಂದು ಹೆಂಡತಿ ಮೆನ್ನಾ ಮಾತ್ರ ಮುಖಕ್ಕೇ ಹೇಳುತ್ತಿದ್ದಳು. ಅವಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ಆದರೂ ಅವಳು ಹೇಳಿದ್ದು ನಿಜ. ಗೆಥಿನ್ ಊರ ಶಾಲೆಯ ಉಸ್ತುವಾರಿ. ಬೆಳಿಗ್ಗೆ ಬಾಗಿಲು ತೆಗೆಯುವುದು, ಬಾಯ್ಲರ್ ನೋಡುವುದು, ಹೊಸಿಲ ಮೇಲಿನ ಮಂಜುಗಡ್ಡೆಗೆ ಉಪ್ಪು ಎರಚುವುದು ಅವನ ಕೆಲಸ. ಶಾಲೆಯೋ ಅವನ ಮನೆಯೆದುರೇ. ಅವನ ಹಳೆಯ ಕಾರು ಓಡಿ ಸವೆದದ್ದಲ್ಲ, ನಿಂತಲ್ಲೇ ತುಕ್ಕು ಹಿಡಿದು ಗುಜರಿಗೆ ಹೋಯಿತು.

ಮಗಳು ಎಲೆರಿಗೆ ಹತ್ತೊಂಬತ್ತು ತುಂಬಿತ್ತು. ಒಂಟಿ ಮುದುಕರ ಮನೆಗಳಿಗೆ ಹೋಗಿ ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು, ಉಣ್ಣಿಸಿ ಬರುವ ಕೆಲಸ ಸಿಕ್ಕಿತು. ಹದಿನಾಲ್ಕು ಮನೆಗಳು, ಹದಿನಾಲ್ಕು ದಿಕ್ಕಿಗೆ. ದಿನಕ್ಕೆರಡೇ ಬಸ್ಸು ಬರುವ ಆ ಕಣಿವೆಯಲ್ಲಿ ಕಾರಿಲ್ಲದೆ ಆ ಕೆಲಸವಿಲ್ಲ. ಗೆಥಿನ್ ಕೂಡಿಟ್ಟ ದುಡ್ಡಿನಲ್ಲಿ ಅವಳಿಗೊಂದು ಸೆಕೆಂಡ್ ಹ್ಯಾಂಡ್ ಕೆಂಪು ಕಾರು ಕೊಂಡ. ಕಾರಿನ ಬೆಲೆ ಎರಡು ಸಾವಿರ ಪೌಂಡ್. ಅವಳ ಹೆಸರಲ್ಲಿ ಒಂದು ವರ್ಷದ ವಿಮೆಗೆ ಕೇಳಿದ್ದು ಎರಡು ಸಾವಿರದ ಒಂಬೈನೂರು.

ಅಂದು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಗೆಥಿನ್ ಒಂದು ಆಟವನ್ನೇ ಆಡಿದ. ವಯಸ್ಸನ್ನು ಮುಟ್ಟುವ ಹಾಗಿರಲಿಲ್ಲ, ಲೈಸೆನ್ಸ್‌ನಲ್ಲೇ ಇತ್ತು. ಉದ್ಯೋಗ ಅನ್ನುವ ಜಾಗ ಮಾತ್ರ ಸಡಿಲವಾಗಿತ್ತು. ಗ್ರಂಥಪಾಲಕಿ ಎಂದು ಹಾಕಿದರೆ ನಾನೂರು ಇಳಿಯಿತು. ಹೋಟೆಲಿನ ಅಡುಗೆಯವಳು ಎಂದರೆ ಮುನ್ನೂರು ಏರಿತು.

"ನೋಡೇ, ಗ್ರಂಥಪಾಲಕಿಯರು ಗುದ್ದೋದೇ ಇಲ್ವಂತೆ," ಎಂದ.

"ನಾನು ಮಾಡೋ ಕೆಲಸಾನೇ ಹಾಕಪ್ಪ," ಎಂದಳು ಎಲೆರಿ. "ಮುದುಕರ ಬಟ್ಟೆ ಒಗೀತೀನಿ ಅಂತ ಬರೆಯೋಕೆ ನಿಂಗೇನು ನಾಚಿಕೆ?"

"ನಾಚಿಕೆ ಅಲ್ಲ ಕಣೆ, ಕಂಪನಿಯೋರ ಲೆಕ್ಕ ನೋಡಿದ್ರೆ ಮೈ ಉರಿಯತ್ತೆ. ಮನೆಯಿಂದ ಮನೆಗೆ ಹೋಗ್ತಾಳೆ, ಚಿಕ್ಕ ವಯಸ್ಸು, ಅಷ್ಟಕ್ಕೇ ನೀನು ಅಪಾಯ ಅಂತೆ! ನಿನ್ನ ಮುಖಾನಾದ್ರೂ ನೋಡಿದಾರಾ?"

ನೋಡಿರಲಿಲ್ಲ, ನಿಜ. ಆದರೆ ಆ ರಸ್ತೆಗಳಲ್ಲಿ ಗೋಡೆಗೆ ಗುದ್ದಿದ ಹರೆಯದವರನ್ನು ಗೆಥಿನ್ ಎಣಿಸಿ ಹೇಳಬಲ್ಲವನಾಗಿದ್ದ. ಮಗಳ ಮಾತು ಬಂದಾಗ ಆ ಎಣಿಕೆ ಅವನಿಗೆ ಮರೆತುಹೋಯಿತು ಅಷ್ಟೆ. ಹೆತ್ತವರೆಲ್ಲ ಹೀಗೇ.

ಮರುದಿನ ಎಲೆರಿ ಮನೆಯಲ್ಲಿ ಇಲ್ಲದಾಗ ಅವನು ಊರಲ್ಲಿ ಹತ್ತಾರು ಅಪ್ಪಂದಿರು ಮಾಡಿದ್ದನ್ನೇ ಮಾಡಿದ. ಕಾರು ಓಡಿಸುವವನು ನಾನು, ವಯಸ್ಸು ಐವತ್ತನಾಲ್ಕು, ಶಾಲೆಯ ಉಸ್ತುವಾರಿ, ವರ್ಷಕ್ಕೆ ಮೂರು ಸಾವಿರ ಮೈಲಿ. ಮಗಳು ಅಪರೂಪಕ್ಕೊಮ್ಮೆ ಓಡಿಸುತ್ತಾಳೆ ಎಂದು ಫಾರಂ ತುಂಬಿದ. ಆರುನೂರ ನಲವತ್ತಕ್ಕೆ ಕೆಲಸ ಮುಗಿಯಿತು. "ಅಪ್ಪನ ಹೆಸರಿದೆ, ಸಾಕು," ಎಂದು ಮಗಳಿಗೆ ಹೇಳಿದ. ಅವಳು ಹೆಚ್ಚು ಕೇಳಲಿಲ್ಲ. ಅವನಿಗೆ ತಾನು ಮೋಸ ಮಾಡಿದೆ ಅಂತ ಅನ್ನಿಸಲೇ ಇಲ್ಲ. ಮೂವತ್ತೊಂದು ವರ್ಷದ ಒಳ್ಳೆಯ ಹೆಸರು ಮಗಳಿಗಲ್ಲದೆ ಇನ್ಯಾರಿಗೆ?

ಏಳು ತಿಂಗಳು ಸುಸೂತ್ರವಾಗಿ ನಡೆಯಿತು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ತಿರುವಿನಲ್ಲಿ ಅಡ್ಡ ಬಂದ ಕುರಿಯನ್ನು ತಪ್ಪಿಸಲು ಹೋಗಿ ಎಲೆರಿ ಕಲ್ಲುಗೋಡೆಗೆ ಗುದ್ದಿದಳು. ಕಾರಿನ ಮೂತಿ ಜಜ್ಜಿಹೋಯಿತು. ಅವಳಿಗೆ ಗೀರೂ ಆಗಲಿಲ್ಲ, ಕುರಿಗೂ ಇಲ್ಲ. ಅಲ್ಲಿಂದ ಎರಡು ಮೈಲಿ ನಡೆದು, ಎಂಬತ್ತೆಂಟರ ಬೆವನ್ ಅಜ್ಜನಿಗೆ ಓಟ್ಸ್ ಗಂಜಿ ಕುಡಿಸಿ, ಆಮೇಲೆ ಅಪ್ಪನಿಗೆ ಫೋನ್ ಮಾಡಿದಳು.

"ಏನೂ ಯೋಚನೆ ಮಾಡ್ಬೇಡ, ವಿಮೆ ಇದೆಯಲ್ಲ," ಎಂದ ಗೆಥಿನ್.

ಪರಿಹಾರಕ್ಕೆ ಅರ್ಜಿ ಹಾಕಿದ ವಾರದ ನಂತರ ಕಂಪನಿಯಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. ದನಿ ಬಹಳ ಮೆತ್ತಗಿತ್ತು.

"ನಿಮ್ಮ ಶಾಲೆ ಮನೆಯಿಂದ ಎಷ್ಟು ದೂರ ಮಿಸ್ಟರ್ ಪ್ರಾಸರ್?"

"ರಸ್ತೆ ದಾಟಿದ್ರೆ ಆಯ್ತು."

"ಗ್ಯಾರೇಜಿನವ್ರು ಮೀಟರಿನ ಫೋಟೋ ಕಳ್ಸಿದಾರೆ. ಏಳು ತಿಂಗಳಲ್ಲಿ ಹನ್ನೊಂದು ಸಾವಿರ ಮೈಲಿ ಓಡಿದೆ. ಎಲ್ಲಿಗೆ ಹೋಗ್ತಿದ್ರಿ?"

ಕಾರ್ಡಿಫ್‌ನಲ್ಲಿರುವ ನಾದಿನಿಯನ್ನು ನೋಡಲು ಎಂಬ ಉತ್ತರ ನಾಲಿಗೆಯ ತುದಿಯಲ್ಲಿ ಸಿದ್ಧವಿತ್ತು. ಎದುರಿಗೆ ಮೆನ್ನಾ ಕೈ ಸನ್ನೆ ಮಾಡಿ, ಹೇಳು ಹೇಳು ಎನ್ನುತ್ತಿದ್ದಳು.

"ಪರವಾಗಿಲ್ಲ, ಯೋಚ್ನೆ ಮಾಡಿ ಹೇಳಿ," ಎಂದಳು ಹೆಂಗಸು. "ನಿಮ್ಮ ಮಗಳೂ ಇದನ್ನೇ ಬರೆದು ಸಹಿ ಹಾಕಿ ಕೊಡ್ಬೇಕಾಗತ್ತೆ."

ಗೆಥಿನ್‌ಗೆ ಆಗ ಮಗಳ ಕೆಲಸ ನೆನಪಾಯಿತು. ಹದಿನಾಲ್ಕು ಮನೆಗಳ ಬೀಗದ ಕೈ ಎಲೆರಿಯ ಚೀಲದಲ್ಲಿತ್ತು. ಸುಳ್ಳು ಬರೆದುಕೊಟ್ಟು ಸಿಕ್ಕಿಬಿದ್ದ ಹುಡುಗಿಯ ಕೈಗೆ ಯಾವ ಮುದುಕಿ ಬೀಗದ ಕೈ ಕೊಡುತ್ತಾಳೆ? ತಾನು ಉಳಿಸಲು ಹೊರಟ ಕೆಲಸವನ್ನು ತಾನೇ ಕಳೆಯುವವನಿದ್ದ.

"ಕಾರು ಅವಳದು," ಎಂದ. "ದಿನಾ ಓಡ್ಸೋಳು ಅವಳೇ. ಫಾರಂ ತುಂಬಿದ್ದು ನಾನು. ಅವಳಿಗೆ ತೋರಿಸ್ಲೂ ಇಲ್ಲ."

ಮೆನ್ನಾ ಹಣೆ ಚಚ್ಚಿಕೊಂಡಳು.

ಕಂಪನಿ ಅವನ ಪಾಲಿಸಿಯನ್ನು ರದ್ದುಮಾಡಿತು. ರಿಪೇರಿಗೆ ಚಿಕ್ಕಾಸೂ ಬರಲಿಲ್ಲ. ಎಲೆರಿ ಮೂರು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ನಾಲ್ಕನೆಯ ದಿನ, "ನನ್ನನ್ನ ಒಂದ್ಮಾತು ಕೇಳ್ಬಾರ್ದಿತ್ತಾ? ನಾನೇನು ಮಗೂನಾ?" ಎಂದು ಅತ್ತಳು. ಗೆಥಿನ್‌ಗೆ ನಾಚಿಕೆಯಾಯಿತು. ಗುದ್ದಿದ್ದಕ್ಕಿಂತ, ದುಡ್ಡು ಹೋಗಿದ್ದಕ್ಕಿಂತ, ಈ ಮಾತಿಗೆ.

ಎರಡು ವಾರದೊಳಗೆ ವಿಮೆ ಮಾಡಿಸಿ ಕಾರು ತರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಅವಳ ಆಫೀಸಿನವರು ಹೇಳಿದ್ದರು. ಗೆಥಿನ್ ಗುರುತಿನ ಮೆಕ್ಯಾನಿಕ್‌ನ ಕಾಲು ಹಿಡಿದು ಕಾರಿಗೆ ಹಳೆಯ ಮೂತಿಯೊಂದನ್ನು ಕೂಡಿಸಿದ. ಅದು ನೀಲಿಯಾಗಿತ್ತು. ಎಲೆರಿ ಅದೇ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು ಫಾರಂ ತಾನೇ ತುಂಬಿದಳು. ಹತ್ತೊಂಬತ್ತು, ಮನೆಮನೆಗೆ ಹೋಗುವ ಆರೈಕೆಯ ಕೆಲಸ, ವರ್ಷಕ್ಕೆ ಇಪ್ಪತ್ತು ಸಾವಿರ ಮೈಲಿ, ಗೋಡೆಗೆ ಗುದ್ದಿದ್ದು ಒಮ್ಮೆ. ದರ ಇಳಿಯಲೆಂದು, ಬ್ರೇಕು, ವೇಗ ಎಲ್ಲವನ್ನೂ ಕಂಪನಿಗೆ ಚಾಡಿ ಹೇಳುವ ಪೆಟ್ಟಿಗೆಯೊಂದನ್ನು ಕಾರಿನಲ್ಲಿ ಕೂರಿಸಲೂ ಒಪ್ಪಿದಳು. ಎರಡು ಸಾವಿರದ ಆರುನೂರು ಎಂದು ಬಂತು.

"ದೊಡ್ಡೋರೊಬ್ರು ಜೊತೇಲಿ ಓಡಿಸ್ತಾರೆ ಅಂತ ಹಾಕಿದ್ರೆ ಇಳಿಯತ್ತಂತೆ," ಎಂದಳು. "ಇದ್ರಲ್ಲಿ ಮೋಸ ಇಲ್ಲ. ಭಾನುವಾರ ನೀನೂ ಓಡಿಸು."

ಅಪ್ಪನ ಹೆಸರು ಹಾಕಿದಳು. ಈ ಚಾಲಕರ ಪಾಲಿಸಿ ಹಿಂದೆಂದಾದರೂ ರದ್ದಾಗಿದೆಯೇ ಎಂದು ಕೇಳಿತು. ಹೌದು ಎಂದು ಒತ್ತಿದಳು. ಮೂರು ಸಾವಿರದ ನೂರು ಎಂದು ಬಂತು.

ಇಬ್ಬರೂ ಆ ಅಂಕಿಯನ್ನೇ ನೋಡುತ್ತಾ ಕೂತರು. ಆ ಮನೆಯಲ್ಲಿ ಈಗ ಅಪಾಯ ಯಾರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ನನ್ನ ತೆಗೆದುಹಾಕು," ಎಂದ ಗೆಥಿನ್.

ಎಲೆರಿ ತೆಗೆದಳು. ಆಮೇಲೆ ಅಪ್ಪನ ಭುಜಕ್ಕೊಂದು ಗುದ್ದಿದಳು.

"ಪಕ್ಕದ ಸೀಟಲ್ಲಿ ಕೂತ್ಕೋ. ಅದಕ್ಕೇನೂ ದುಡ್ಡು ಕೇಳಲ್ಲ."