ಗುಡ್ಡದ ಮೇಲಿಂದ ಕಂಡ ಚರಗ

ಈ ವರ್ಷದ ಎಳ್ಳ ಅಮಾವಾಸ್ಯೆಗೆ, ಶಾಲೆಯಲ್ಲಿ ಕಲಿಸುವ ನನ್ನ ಮಗಳು ಕೊಂಡ ಹೊಲದಲ್ಲಿ, ನಾನು ಚರಗ ಚೆಲ್ಲುತ್ತ ಮುಂದೆ ಹೋದೆ. ಹಿಂದೆ ನೀರಿನ ತಂಬಿಗೆ ಹಿಡಿದು ಕೂಗುತ್ತ ಬಂದವಳು ಮೊಮ್ಮಗಳು. ಎಂಥ ದನಿ ಅಂತೀರಿ! ಆಚೆ ಹೊಲದವರು ಉಣ್ಣುವುದು ಬಿಟ್ಟು ಎದ್ದು ನಿಂತು ನೋಡಿದರು. ನಗು ತಡೆಯಲಾಗದೆ ಬುಟ್ಟಿಯೊಳಗಿನ ಅರ್ಧ ನನ್ನ ಕಾಲ ಮೇಲೆಯೇ ಚೆಲ್ಲಿಕೊಂಡೆ. ಉಂಡಾದ ಮೇಲೆ ನನ್ನ ತೊಡೆಯ ಮೇಲೆ ತಲೆ ಇಟ್ಟು ದೂರದ ಗುಡ್ಡಸಾಲು ತೋರಿಸಿ, ಅದನ್ನು ಎಂದಾದರೂ ಹತ್ತಿದ್ದೀಯಾ ಎಂದು ಕೇಳಿದಳು. ಹತ್ತಿದ್ದೇನೆ, ಒಬ್ಬಳೇ, ಇದೇ ಚಳಿಯಲ್ಲಿ, ಇದೇ ಹಬ್ಬದ ದಿನ ಎಂದೆ. ಅಷ್ಟೇ ಹೇಳಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಗಂಡನ ಊರು ದೇವದುರ್ಗದ ಕಡೆ, ಗುಡ್ಡದ ಬುಡದಲ್ಲಿ. ಅವರು ಅಲ್ಲೇ ಕಲ್ಲು ಒಡೆಯುವ ಕೆಲಸಕ್ಕೆ ಹೋಗುತ್ತಿದ್ದರು. ತವರು ಅದೇ ಸಾಲಿನ ಆಚೆ ತುದಿಯಲ್ಲಿ, ಮಾನ್ವಿ ಕಡೆ. ಬಸ್ಸಿಗೆ ಹೋದರೆ ದೇವದುರ್ಗಕ್ಕೆ ಹೋಗಿ, ಇಳಿದು, ಮತ್ತೊಂದು ಬಸ್ಸು ಕಾದು, ಸುತ್ತಿ ಬಳಸಿ ಮುಟ್ಟಬೇಕು. ಗುಡ್ಡದ ಬೆನ್ನಿನ ಮೇಲೆ ಹೋದರೆ ಹೊತ್ತು ನೆತ್ತಿಗೇರುವುದರೊಳಗೆ ಮನೆ.

ಆ ವರ್ಷ ಹಬ್ಬಕ್ಕೆ ಮುಂಚೆ ಬಳೆ ಮಾರುವ ಬೂಬಮ್ಮ ತವರಿನಿಂದ ಸುದ್ದಿ ತಂದಳು. ಅಪ್ಪನ ಕಾಲು ಉಳುಕಿದೆ, ಹೊಲಕ್ಕೆ ಹೋಗುವವರಿಲ್ಲ, ಈ ಸಲ ಚರಗ ಇಲ್ಲ, ನೀನು ಬರಬೇಡ ಎಂದು ಅವ್ವ ಹೇಳಿ ಕಳಿಸಿದ್ದಳು. ಆದರೂ ಹೋಗಿಯೇ ತೀರಬೇಕೆಂದುಕೊಂಡೆ. ಜೋಳ ಹೊಡೆ ಹಿರಿದು ನಿಂತ ಕಾಲದಲ್ಲಿ ಭೂಮಿತಾಯಿ ಬಸುರಿ. ಅವಳ ಬಯಕೆಗೆಂದೇ ಮನೆಯಲ್ಲಿ ಮಾಡಿದ್ದನ್ನೆಲ್ಲ ಒಯ್ದು ಹೊಲದ ತುಂಬ ಚೆಲ್ಲುವುದು. ಬಸುರಿಯನ್ನು ಹಸಿವಿನಲ್ಲಿಡುವುದೆಂದರೆ ಹೇಗೆ? ಅದಕ್ಕಿಂತ ಹೆಚ್ಚಾಗಿ, ಆಗ ನಾನೂ ಬಸುರಿ, ಮೊದಲನೆಯದು. ಗಂಡನಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಅವ್ವನ ಮುಂದೆ ಕೂತು ಹೇಳಬೇಕು, ಚೊಚ್ಚಲ ಬಾಣಂತನಕ್ಕೆ ಅವಳು ಕರೆಯಬೇಕು, ಆ ಮನೆಯ ಹೊರಸಿನ ಮೇಲೆ ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಬೇಕು. ಅದೊಂದೇ ಆಸೆ.

ನಸುಕಿನಲ್ಲೇ ಸಜ್ಜಿ ರೊಟ್ಟಿ ಬಡಿದೆ, ಕಡಬು, ಪುಂಡಿಪಲ್ಯ ಮಾಡಿದೆ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡೆ. ಗಂಟನ್ನು ತಲೆಯ ಮೇಲಿಡುವಂಥ ದಾರಿಯಲ್ಲ, ಬೆನ್ನಿಗೆ ಬಿಗಿದುಕೊಂಡು ಹೊರಟೆ.

ಹಾಸುಬಂಡೆ ಇಡೀ ರಾತ್ರಿಯ ಚಳಿ ಕುಡಿದು ಕೂತಿತ್ತು, ಬರಿಗಾಲು ಕಡಿಯುತ್ತಿತ್ತು. ಕೆಲವು ಕಡೆ ನಡೆಯಲಿಲ್ಲ, ನಾಲ್ಕು ಕಾಲಿನಲ್ಲಿ ಮೇಕೆಯ ಹಾಗೆ ಹತ್ತಿದೆ. ಎರಡು ಗುಂಡುಗಲ್ಲುಗಳ ಸಂದಿಯಲ್ಲಿ ಅಡ್ಡವಾಗಿ ತೂರಿ, ಹೊಟ್ಟೆಗೆ ಕೈ ಅಡ್ಡ ಹಿಡಿದು ಜಾರಿದೆ. ಕಾರೆಮುಳ್ಳು ಸೀರೆ ಎಳೆಯಿತು. ಮೇಲೆ ಮುಟ್ಟಿದಾಗ ಮಾತ್ರ ಉಸಿರು ನಿಂತಿತು, ದಣಿವಿಗಲ್ಲ. ಎಡಕ್ಕೂ ಬಲಕ್ಕೂ ಕರಿಹೊಲ, ಹಸಿರು ಜೋಳ, ನಡುನಡುವೆ ಹಳದಿ ಕುಸುಬಿ, ದೂರದಲ್ಲಿ ಕೃಷ್ಣೆ ಬೆಳ್ಳಿ ಉಡದಾರದ ಹಾಗೆ. ಎಲ್ಲ ಹೊಲಗಳಲ್ಲೂ ಬಂಡಿ ಬಿಟ್ಟು ಮಂದಿ ಕೂತಿದ್ದರು. ಗಾಳಿ ಜೋರಿತ್ತು. ಇಷ್ಟೆಲ್ಲ ನನ್ನೊಬ್ಬಳಿಗೇ ಎಂದು ಬಂಡೆಯ ಮೇಲೆ ನಿಂತು ನಕ್ಕೆ.

ಸಾಲು ತವರಿನ ಕಡೆ ಬಾಗುವಲ್ಲಿಗೆ ಬಂದಾಗ ಚರಗ ಚೆಲ್ಲುವವರ ಕೂಗು ಕೇಳಿತು. "ಹುಲಿಗ್ಯೋ!" ಅಪ್ಪನ ದನಿ. ನೂರು ಜನರಲ್ಲಿದ್ದರೂ ಗುರುತು ಹಿಡಿಯುವ ದನಿ. ಅವನ ಹಿಂದಿನಿಂದ ಒಂದು ಹೆಣ್ಣುದನಿ ಅದಕ್ಕೆ ತಿರುಗಿ ಕೂಗಿತು. ನನಗೆ ತಿಳಿವು ಬಂದಾಗಿನಿಂದ ಅಪ್ಪನ ಹಿಂದೆ ತಂಬಿಗೆ ಹಿಡಿದು ಕೂಗಿದವಳು ನಾನು. ಬಗ್ಗಿ ನೋಡಿದೆ. ನಮ್ಮ ಚೂರು ಹೊಲದಲ್ಲಿ ಅಪ್ಪ ಬುಟ್ಟಿ ಹಿಡಿದು ದಾಪುಗಾಲು ಹಾಕುತ್ತಿದ್ದ, ಕಾಲಿಗೆ ಏನೂ ಆಗಿರಲಿಲ್ಲ. ಹಿಂದೆ ಗುಲಾಬಿ ಸೀರೆಯ, ನಾನು ಕಂಡಿರದ ಹುಡುಗಿ. ಬನ್ನಿಗಿಡದ ಕೆಳಗೆ ಇಸ್ತ್ರಿ ಅಂಗಿಯ ಗಂಡಸರು, ನಮ್ಮೂರ ಕಡೆಯವರಲ್ಲ. ಅವ್ವ ಬಡಿಸುತ್ತಿದ್ದಳು.

ಅವಸರದಲ್ಲಿ ಇಳಿದೆ. ಬುಡ ಮುಟ್ಟುವ ಮೊದಲೇ ಅಣ್ಣ ಓಡಿ ಬಂದು ಗುಂಡಿನ ಮರೆಗೆ ನನ್ನನ್ನು ನಿಲ್ಲಿಸಿದ. ರಾಯಚೂರಿನ ಒಂದು ಕಚೇರಿಯಲ್ಲಿ ಅವನಿಗೆ ಹೊಸದಾಗಿ ಜವಾನನ ನೌಕರಿ ಸಿಕ್ಕಿತ್ತು.

"ಬರಬ್ಯಾಡ ಅಂತ ಹೇಳಿ ಕಳಿಸಿದ್ದೆವಲ್ಲ ತಂಗಿ."

"ಅಪ್ಪನ ಕಾಲು ಹ್ಯಾಂಗದ ನೋಡಾಕ ಬಂದೆ."

ಅವನು ನೆಲ ನೋಡಿದ. "ಅವರು ರಾಯಚೂರ ಮಂದಿ, ಆ ಹುಡುಗೀನ ನನಗ ಕೊಡೋರು. ನಿಮ್ಮ ಅಳಿಯಾ ಏನ್ ಮಾಡ್ತಾನ ಅಂತ ಕೇಳಿದ್ರು. ಹೈದರಾಬಾದಿನಾಗ ನೌಕರಿ, ಮಗಳೂ ಅಲ್ಲೇ ಅದಾಳ ಅಂತ ಹೇಳೀವಿ. ಈಗ ನೀ ಗುಡ್ಡ ಇಳದು ಬಂದರ ನಾ ಏನ್ ಹೇಳ್ಲಿ?"

"ಆ ಸುಳ್ಳು ಹೇಳಿದವ ನೀನೇನು?"

"ಯವ್ವ ಹೇಳ್ಯಾಳ."

ಅವನ ಹೆಗಲ ಮೇಲಿಂದ ನೋಡಿದೆ. ಅವ್ವ ನನ್ನನ್ನು ಕಂಡಿದ್ದಳು. ಹೇಗೆ ಗೊತ್ತೆಂದರೆ, ಬೀಗರನ್ನು ಬಿಸಿಲಿನ ನೆಪ ಹೇಳಿ ಎಬ್ಬಿಸಿ, ಬೆನ್ನು ಗುಡ್ಡದ ಕಡೆ ಬರುವಂತೆ ತಿರುಗಿಸಿ ಕೂಡಿಸುತ್ತಿದ್ದಳು. ಆಮೇಲೆ ಒಂದು ಸಲವೂ ತಲೆ ಎತ್ತಲಿಲ್ಲ.

ಗಂಟನ್ನಾದರೂ ಕೊಟ್ಟು ಹೋಗು, ಉಣ್ಣುತ್ತೇವೆ ಎಂದ ಅಣ್ಣ. ಕೊಡಲಿಲ್ಲ. ಹೊಟ್ಟೆಯ ವಿಷಯ ಹೇಳಲೂ ಇಲ್ಲ. ಮತ್ತೆ ಹತ್ತಿದೆ. ತುದಿಯಲ್ಲಿ ತವರಿಗೆ ಬೆನ್ನು ಮಾಡಿ ಕೂತು ಗಂಟು ಬಿಚ್ಚಿ, ಅಳುತ್ತ ಅಳುತ್ತ ಎಲ್ಲವನ್ನೂ ಉಂಡೆ. ಅಷ್ಟು ಹಸಿವಾಗಿತ್ತು. ಮನೆಯಲ್ಲಿ ಗಂಡ ಕೇಳಿದಾಗ, ಎಲ್ಲರೂ ಚಲೋ ಉಂಡರು, ಅಪ್ಪನ ಕಾಲು ನೆಟ್ಟಗಾಗುತ್ತಿದೆ ಎಂದೆ.

ಅವರು ನಂಬಿದರು. ಬಿಸಿಲುಗಾಲ ಹತ್ತುವಷ್ಟರಲ್ಲಿ ಅವರೇ ಖುಷಿಯಿಂದ ನನ್ನ ತವರಿಗೆ ಬಸುರಿನ ಸುದ್ದಿ ಕಳಿಸಿದರು. ಅವ್ವ ಹಸಿರು ಸೀರೆ, ಹಸಿರು ಬಳೆ, ಬೆಲ್ಲ ತಂದಳು. ಬಸುರಿಗೆ ಮಾಡುವ ಕುಬಸದ ಶಾಸ್ತ್ರ ಮುಗಿಸಿ, ಬಾಣಂತನಕ್ಕೆ ಕರೆದೊಯ್ಯುವುದಾಗಿ ಹೇಳಿದಳು. ಅತ್ತೆ ಆಗಲೇ ನನ್ನ ಬಟ್ಟೆ ಕಟ್ಟಲು ಶುರುಮಾಡಿದ್ದಳು.

"ನಾ ಬರಂಗಿಲ್ಲ ಬೇ," ಅಂದೆ. "ಹೈದರಾಬಾದಿನಾಗ ಇದ್ದಾಕಿ ನಿನ್ನ ಮನ್ಯಾಗ ಹಡದರ ಬೀಗರಿಗೆ ಏನ್ ಹೇಳ್ತಿ?"

ತಮಾಷೆ ಅಂದುಕೊಂಡು ಗಂಡ ನಕ್ಕರು. ಅವ್ವನ ಮುಖ ನೋಡಿ ನಗು ನಿಲ್ಲಿಸಿದರು.

"ಮಗನ ಬಾಳೇವು ನೋಡಬೇಕಾಗಿತ್ತವ್ವ," ಅಂದಳು ಅವ್ವ.

ಸಂಜೆಯ ಬಸ್ಸಿಗೆ ಅವ್ವ ಒಬ್ಬಳೇ ಹೋದಳು, ಸೀರೆ ಬಿಟ್ಟು ಹೋದಳು. ಹೆತ್ತವ್ವನ ಮುಂದೆ ಹಾಗೆ ಆಡಬಹುದೇ ಎಂದು ಅತ್ತೆ ಬೈದಳು. ಬೈಯುತ್ತಲೇ ನನ್ನ ಬಾಣಂತನ ತಾನೇ ಮಾಡಿದಳು. ಅಣ್ಣನ ಮದುವೆಗೆ ಹೋದೆ, ಅಪ್ಪ ಸತ್ತಾಗ ಹೋದೆ. ಉಳಿದ ನೆಂಟರ ಹಾಗೆ ಹೋಗಿ ನೆಂಟರ ಹಾಗೆ ಬಂದೆ, ಒಂದು ರಾತ್ರಿಯೂ ನಿಲ್ಲಲಿಲ್ಲ.

ಆ ಹಸಿರು ಸೀರೆಯನ್ನು ಉಡಲು ಮನಸ್ಸಾಗಲಿಲ್ಲ, ಎಸೆಯಲೂ ಕೈ ಬರಲಿಲ್ಲ. ತೊಲೆಗೆ ಕಟ್ಟಿ ಮಗಳಿಗೆ ಜೋಲಿ ಮಾಡಿದೆ. ಗಟ್ಟಿ ನೂಲು. ಕೂಸು ಇಳಿದು ನಡೆಯುವ ತನಕ ತಡೆಯಿತು.