ಬೀರುವಿನೊಳಗೆ ಎರಡು ಬಾಟಲಿ ಕೆರೆ ನೀರು

ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ನೀರು ತಿಳಿಯಾಗಿದೆ ಎಂದು ಯಾರಾದರೂ ಹೇಳಿದರೆ ಇವತ್ತಿಗೂ ನಂಬುವುದಿಲ್ಲ. ಬೆಳಗಿನ ವಾಕಿಂಗಿಗೆ ಹೊರಟಾಗ ಚೀಲದಲ್ಲಿ ಗಾಜಿನ ಬಾಟಲಿ, ಹಗ್ಗ, ಪರೀಕ್ಷೆಯ ಔಷಧಿಯ ಸೀಸೆಗಳು ಇದ್ದೇ ಇರುತ್ತವೆ. ರಾಜಾನುಕುಂಟೆಯ ಆಚೆ ನಮ್ಮ ಲೇಔಟಿನ ಹಿಂದೆ ಒಂದು ಕೆರೆಯಿದೆ. ಲೇಔಟ್ ಮಾಡಿದವನೂ ಕೆರೆಯಲ್ಲಿ ಮೀನು ಸಾಕುವ ಗುತ್ತಿಗೆ ಹಿಡಿದವನೂ ಅಣ್ಣತಮ್ಮಂದಿರ ಮಕ್ಕಳು. ಮೀನಿಗೆ ಮೇವಾಗಲೆಂದು ಕೆರೆಗೆ ಸುರಿಯುವ ಕೋಳಿಗೊಬ್ಬರದ ವಾಸನೆಗೆ ಸೈಟು ಮಾರಾಟವಾಗುತ್ತಿಲ್ಲವೆಂದು ಇಬ್ಬರಿಗೂ ದೊಡ್ಡ ಜಗಳವಾಗಿ ಮಾತು ನಿಂತಿತ್ತು.

ಬಿಸಿಲಿನ ದಿನಗಳು ಮುಗಿದು ಮೊದಲ ಜೋರು ಮಳೆ ಬಿದ್ದ ಮರುದಿನ ಬೆಳಿಗ್ಗೆ ಕೆರೆಯ ತುಂಬ ಸತ್ತ ಮೀನು. ಗುತ್ತಿಗೆಯವನು ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ.

"ರಾತ್ರಿ ವಿಷ ಆಕವ್ನೆ ಮೇಡಮ್ಮೋರೇ. ನಮ್ ಚಿಕ್ಕಪ್ಪನ ಮಗನೇ. ನಾಳೆ ಸ್ಟೇಷನ್‌ಗೆ ಓಗಿ ಕಂಪ್ಲೇಂಟ್ ಕೊಡ್ತೀನಿ. ನೀರು ನೋಡಿ ವಿಷ ಅಂತ ನೀವೊಂದ್ ಮಾತು ಯೋಳಿ ಸಾಕು."

ಒಂದು ಮಾತಿಗೆ ಒಬ್ಬ ಮನುಷ್ಯ ಲಾಕಪ್ಪಿಗೆ ಹೋಗುತ್ತಾನೆ. ಹಾಗಂತ ಲೇಔಟಿನವನ ಮೇಲೆ ನನಗೆ ನಂಬಿಕೆಯೂ ಇರಲಿಲ್ಲ. ಮೊದಲು ಲೇಔಟಿನ ಚರಂಡಿಯ ಗುಂಟ ನಡೆದು, ಕಲ್ಲುಚಪ್ಪಡಿಯ ಸಂದಿನಲ್ಲೆಲ್ಲ ಇಣುಕಿದೆ. ಕೆರೆಗೆ ಕದ್ದು ತಿರುಗಿಸಿದ ಪೈಪು ಸಿಗಲಿಲ್ಲ. ಗುತ್ತಿಗೆಯವನ ಶೆಡ್ಡಿನಲ್ಲೂ ಕಣ್ಣಾಡಿಸಿದೆ. ಅಲ್ಲಿ ಬಲೆ ಮತ್ತು ಗೊಬ್ಬರದ ಚೀಲಗಳಿದ್ದವು, ಬೇರೇನೂ ಇರಲಿಲ್ಲ. ಸತ್ತವೆಲ್ಲ ದೊಡ್ಡ ಮೀನು, ಬಾಯಿ ತೆರೆದುಕೊಂಡು ಸತ್ತಿದ್ದವು. ದಡದ ತೆಳುನೀರಿನಲ್ಲಿ ಮರಿಮೀನು, ನೀರುಹುಳ ಆರಾಮಾಗಿ ಓಡಾಡುತ್ತಿದ್ದವು. ಅವನ್ನು ಮಾತ್ರ ಬಿಟ್ಟು ಕೊಲ್ಲುವ ವಿಷ ನನಗೆ ಗೊತ್ತಿಲ್ಲ.

ಹಗ್ಗ ಬಿಟ್ಟು ತಳದ ನೀರು ತೆಗೆದೆ. ಕೊಳೆತ ಮೊಟ್ಟೆಯ ನಾತ. ನೀರಿನಲ್ಲಿ ಆಮ್ಲಜನಕ ಇದೆಯೋ ಇಲ್ಲವೋ ನೋಡಲು ನಾವು ಎರಡು ಔಷಧಿ ಹನಿಸುತ್ತೇವೆ. ಇದ್ದರೆ ಕಂದು ಕೆಸರು ಕೂರುತ್ತದೆ, ಇಲ್ಲದಿದ್ದರೆ ಬಿಳಿ. ತಳದ ನೀರು ಸುಣ್ಣದ ಹಾಗೆ ಬೆಳ್ಳಗಾಯಿತು.

"ಈ ಸಲ ಗೊಬ್ಬರ ಎಷ್ಟು ಹಾಕೀರಿ?" ಎಂದು ಕೇಳಿದೆ.

"ಮಳೆಗ್ ಮುಂಚೆ ಜಾಸ್ತೀನೇ ಆಕಿದ್ದೆ. ರಾಗಿ ಒಲಕ್ಕೆ ಆಕಲ್ವಾ, ಅಂಗೆ. ಮಳೆ ಬಿದ್ರೆ ಚೆನ್ನಾಗಿ ಇಡೀತದೆ."

ಹೊಲಕ್ಕೆ ಅದು ಸರಿ. ಕೆರೆಯಲ್ಲಿ ಆ ಗೊಬ್ಬರ ತಳಕ್ಕಿಳಿದು ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ. ಅವು ಕೆರೆಯಲ್ಲಿ ಯಾವಾಗಲೂ ಇರುವವೇ. ಊಟ ಹೆಚ್ಚಾಗಿ, ಜೊತೆಗೆ ಬಿಸಿಲಿನ ಕಾವೂ ಸಿಕ್ಕಿದರೆ ಮಿತಿಮೀರಿ ಬೆಳೆದು ತಳದ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಗಾಳಿಯಿಲ್ಲದ ದಿನಗಳಲ್ಲಿ ಮೇಲಿನ ಬಿಸಿನೀರು ಕೆಳಗಿನ ತಣ್ಣೀರಿನೊಂದಿಗೆ ಬೆರೆಯುವುದಿಲ್ಲ. ಆಮೇಲೆ ಗಾಳಿಮಳೆ ಬಂದು ಕೆರೆಯನ್ನು ಕಲಕಿದರೆ ತಳದ ಕೆಟ್ಟ ನೀರು ಒಮ್ಮೆಲೇ ಮೇಲೇಳುತ್ತದೆ. ದೊಡ್ಡ ಮೀನಿಗೆ ಉಸಿರು ಹೆಚ್ಚು ಬೇಕು, ಮೊದಲು ಸಾಯುವುದು ಅದೇ. ಇಷ್ಟನ್ನೂ ಬಿಡಿಸಿ ಹೇಳಿದೆ.

ಅವನು ನನ್ನನ್ನೇ ದಿಟ್ಟಿಸಿದ. "ನೀವಿರೋದು ಅವ್ನ್ ಲೇಔಟಲ್ಲಿ. ಅವ್ನ್ ಪರ ಮಾತಾಡ್ದೆ ಇನ್ಯಾರ್ ಪರ ಮಾತಾಡ್ತೀರ?"

ನನಗೆ ಸಿಟ್ಟು ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

"ನನ್ನ ನಂಬಬ್ಯಾಡ್ರಿ. ಎಲ್ಲಾ ನಿಮ್ಮ ಕೈಯಾಗ ಮಾಡ್ರಿ," ಎಂದೆ.

ಸಂಜೆ, ಬಿಸಿಲು ಇಳಿಯುವ ಮೊದಲು, ದಡದ ಒಳ್ಳೆಯ ನೀರನ್ನು ಅವನೇ ಎರಡು ಬಾಟಲಿಗೆ ತುಂಬಿದ. ಒಂದಕ್ಕೆ ಚಿಟಿಕೆ ಕೋಳಿಗೊಬ್ಬರ ಉದುರಿಸಿದ. ಇನ್ನೊಂದಕ್ಕೆ ಏನೂ ಹಾಕಲಿಲ್ಲ. ಗಾಳಿಗುಳ್ಳೆ ಉಳಿಯದಂತೆ ಬಿರಡೆ ಹಾಕಿಸಿದೆ. ಬೆಳಕು ಬಿದ್ದರೆ ನೀರಿನ ಪಾಚಿ ಆಮ್ಲಜನಕ ಬಿಡುತ್ತದೆ, ಇಡೀ ರಾತ್ರಿ ಕತ್ತಲಲ್ಲಿರಬೇಕು ಎಂದಾಗ ಬೀರುವಿನಲ್ಲಿಡಲು ಮನೆಗೆ ಒಯ್ದ. ಅವನ ಹೆಂಡತಿ ಬಾಗಿಲಲ್ಲೇ ಕೈ ಅಡ್ಡ ಹಿಡಿದಳು.

"ಕೋಳಿ ಪಿಕ್ಕೆ ನನ್ ರೇಷ್ಮೆ ಸೀರೆ ಬೀರುನಾಗಾ? ತಲೆ ಕೆಟ್ಟೈತಾ ನಿಂಗೆ?"

"ಒಂದ್ ರಾತ್ರಿ ಕಣಮ್ಮಿ. ಬೀಗ ಇರೋದು ಅದೊಂದಕ್ಕೇ."

ಸೀರೆಗಳು ಮಂಚಕ್ಕೆ ಬಂದವು, ಬಾಟಲಿಗಳು ಬೀರು ಸೇರಿದವು. ಬೀಗದಕೈಯನ್ನು ಅವನು ಉಡಿದಾರಕ್ಕೆ ಕಟ್ಟಿಕೊಂಡ.

ಬೆಳಿಗ್ಗೆ ನಾನು ಹೋದಾಗ ಸ್ಟೇಷನ್‌ಗೆ ಹೊರಡಲು ಬಿಳಿ ಅಂಗಿ ತೊಟ್ಟು ಸಿದ್ಧನಾಗಿದ್ದ. ಬೀರು ತೆರೆದವನೂ ಔಷಧಿ ಹನಿಸಿದವನೂ ಅವನೇ. ನಾನು ಕೈಕಟ್ಟಿ ದೂರ ನಿಂತೆ. ಬರೀ ನೀರಿನ ಬಾಟಲಿಯಲ್ಲಿ ಕಂದು ಕೆಸರು ಕೂತಿತು. ಗೊಬ್ಬರದ್ದು ಬೆಳ್ಳಗಾಯಿತು. ಎರಡನ್ನೂ ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದ. ಔಷಧಿಯ ಸೀಸೆಯನ್ನೂ ಮೂಸಿದ. ಕೊನೆಗೆ ಮೊಬೈಲ್ ತೆಗೆದು ಟ್ರ್ಯಾಕ್ಟರಿನವನಿಗೆ ಫೋನ್ ಮಾಡಿದ.

"ಇವತ್ತಿನ್ ಲೋಡು ಕೆರೆ ತಾವ ಬ್ಯಾಡ ಕಣ್ಲಾ. ಒಲಕ್ಕೆ ಒಡಿ."

"ಸ್ಟೇಷನ್‌ಗೆ?" ಎಂದು ಕೇಳಿದೆ.

ಅಂಗಿಯ ಗುಂಡಿ ಬಿಚ್ಚುತ್ತ ಹೇಳಿದ: "ಓಗಲ್ಲ ಬುಡಿ. ಈ ಸಲ ಅವ್ನು ಮಾಡಿಲ್ಲ. ಮಾಡೋನೇ ಅಲ್ಲ ಅಂತ ಮಾತ್ರ ನಾನ್ ಯೋಳಕ್ಕಿಲ್ಲ."